ಕಣ್ಣೂರಿನ ಕಾಫಿ ಗಿಡ, ಆಮ್‌ಸ್ಟರ್‌ಡ್ಯಾಮಿನ ಗಾಜಿನ ಮನೆ

ಕಾಫಿಯ ಚರಿತ್ರೆ ಎಂದಕೂಡಲೇ ಕನ್ನಡಿಗರಿಗೆ ನೆನಪಾಗುವುದು ಬಾಬಾಬುಡನ್. ಹಜ್ ಯಾತ್ರೆ ಮುಗಿಸಿ ಬರುವಾಗ ಯೆಮೆನಿನಿಂದ ಏಳು ಬೀಜಗಳನ್ನು ಸೊಂಟಕ್ಕೆ ಕಟ್ಟಿಕೊಂಡು ತಂದರು, ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬ ಐತಿಹ್ಯವನ್ನು ಶಾಲೆಯ ಪಾಠದಿಂದಲೇ ಬಲ್ಲೆವು. ನಮ್ಮಲ್ಲಿ ಕಥೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಆ ಬೀಜದ ಬಂಧುಗಳು ಆಮೇಲೆ ಎಲ್ಲಿಗೆ ಹೋದವು, ಯಾವ ಬಂದರಿನಿಂದ ಹಡಗು ಹತ್ತಿದವು ಎಂದು ಕೇಳುವವರು ಕಡಿಮೆ. ಕೇಳಿದರೆ ಉತ್ತರ ದೂರದಲ್ಲಿಲ್ಲ. ಕಾಸರಗೋಡಿನಿಂದ ರೈಲು ಹತ್ತಿದರೆ ಎರಡು ಗಂಟೆಯೊಳಗೆ ಸಿಗುವ ಕಣ್ಣೂರಿನಲ್ಲಿದೆ. ನಮ್ಮ ಹಿರಿಯರ ಬಾಯಲ್ಲಿ ಅದು ಕಣ್ಣನೂರು.

ಬ್ಯಾಂಕಿನ ಗುಮಾಸ್ತರಿಗೆ ಒಂದು ಅಭ್ಯಾಸವಿರುತ್ತದೆ. ಯಾವ ಮೊತ್ತ ಕಂಡರೂ ಅದು ಯಾವ ಖಾತೆಯಿಂದ ಬಂತು, ಯಾವ ಖಾತೆಗೆ ಹೋಯಿತು ಎಂದು ಪುಟ ತಿರುವಿ ನೋಡುತ್ತೇವೆ. ಕಾಫಿ ಗಿಡದ ಚರಿತ್ರೆಯನ್ನೂ ಹಾಗೆ ನೋಡಬಹುದು. ಇಥಿಯೋಪಿಯಾ, ಯೆಮೆನ್, ಮಲಬಾರು, ಜಾವಾ, ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್, ಅಮೆರಿಕ: ಇಷ್ಟು ಖಾತೆಗಳು. ಇವುಗಳಲ್ಲಿ ಎಲ್ಲಕ್ಕಿಂತ ವಿಚಿತ್ರವಾದ ಪುಟ ಆಮ್‌ಸ್ಟರ್‌ಡ್ಯಾಮಿನದು. ಹಿಮ ಬೀಳುವ ಊರಿನಲ್ಲಿ, ಮಲೆನಾಡಿನ ನೆರಳನ್ನು ಬಯಸುವ ಒಂದು ಗಿಡ ಹೂಬಿಟ್ಟು, ಕಾಯಿ ಕಟ್ಟಿ, ಬೀಜದಿಂದ ಸಸಿಯಾಗಿ, ಅರ್ಧ ಲೋಕಕ್ಕೆ ಹಬ್ಬಿದ ಕಥೆ ಅದು.

ಗಿಡದ ಗುಣ

ನಾವು ಅರೇಬಿಕಾ ಎಂದು ಕರೆಯುವ ಕಾಫಿ, ವರ್ಷವಿಡೀ ಎಲೆ ಹಸಿರಾಗಿರುವ ಪೊದೆಗಿಡ. ಬಿಟ್ಟರೆ ಚಿಕ್ಕ ಮರದಷ್ಟು ಬೆಳೆಯುತ್ತದೆ. ಹೆಸರು ಅರಬ್ ದೇಶದ್ದಾದರೂ ಹುಟ್ಟಿದ ನೆಲ ಅದಲ್ಲ. ಇಥಿಯೋಪಿಯಾದ ನೈಋತ್ಯದ ಎತ್ತರದ ಕಾಡುಗಳು ಅದರ ತವರು. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟಾಗ ಯುರೋಪಿನವರಿಗೆ ಕಾಫಿ ಗೊತ್ತಿದ್ದದ್ದು ಅರಬ್ಬರ ಕೈಯಿಂದ. ಹಾಗಾಗಿ ಅರೇಬಿಕಾ ಎಂಬ ಹೆಸರೇ ನಿಂತಿತು. ಹುಟ್ಟಿದ ಊರು ಒಂದು, ಹೆಸರು ಕೊಟ್ಟ ಊರು ಇನ್ನೊಂದು. ಗಡಿನಾಡಿನವರಿಗೆ ಇದು ಹೊಸ ಸಂಗತಿಯೇನಲ್ಲ.

ಈ ಗಿಡಕ್ಕೆ ಬೇಕಾದದ್ದು ಹಿತವಾದ ತಂಪು. ಹದಿನೈದರಿಂದ ಇಪ್ಪತ್ನಾಲ್ಕು ಡಿಗ್ರಿ ಸೆಲ್ಸಿಯಸ್‌ನ ಒಳಗೆ ಅದು ಸುಖವಾಗಿರುತ್ತದೆ. ನಮ್ಮ ಕರಾವಳಿಯ ಸೆಕೆ ಅದಕ್ಕೆ ಹೆಚ್ಚು. ನೀರು ಹೆಪ್ಪುಗಟ್ಟುವ ಚಳಿಯಂತೂ ಸಾವು. ಒಂದು ರಾತ್ರಿಯ ಹಿಮ ಸಾಕು, ಎಲೆ ಕಪ್ಪಾಗಿ ಗಿಡ ಸುಟ್ಟಂತಾಗುತ್ತದೆ.

ಬೀಜದ ಸ್ವಭಾವ ಇನ್ನೂ ನಾಜೂಕು. ಚಿಕ್ಕಮಗಳೂರು, ಕೊಡಗು, ವಯನಾಡಿನ ಬೆಳೆಗಾರರು ಬೀಜ ಬಿತ್ತುವ ಕ್ರಮವನ್ನು ನೋಡಿದರೆ ಇದು ತಿಳಿಯುತ್ತದೆ. ಚೆನ್ನಾಗಿ ಹಣ್ಣಾದ ಕಾಯಿಗಳನ್ನು ಆರಿಸಿ, ಸಿಪ್ಪೆ ಬಿಡಿಸಿ, ಬೂದಿಯಲ್ಲಿ ಹೊರಳಿಸಿ, ನೆರಳಿನಲ್ಲಿ ಆರಿಸುತ್ತಾರೆ. ಬಿಸಿಲಿಗೆ ಹಾಕುವಂತಿಲ್ಲ. ಡಿಸೆಂಬರ್–ಜನವರಿಯಲ್ಲಿ ಸಸಿಮಡಿ ಮಾಡಿ, ಬೀಜದ ಚಪ್ಪಟೆ ಭಾಗ ಕೆಳಗಾಗುವಂತೆ ಇಟ್ಟು, ತೆಳುವಾಗಿ ಮಣ್ಣು ಮುಚ್ಚಿ, ಮೇಲೆ ಬೈಹುಲ್ಲು ಹಾಸುತ್ತಾರೆ. ಸುಮಾರು ನಲವತ್ತೈದು ದಿನಗಳಿಗೆ ಮೊಳಕೆ ಬರುತ್ತದೆ. ಬೀಜವನ್ನೇ ತಲೆಯ ಮೇಲೆ ಹೊತ್ತು ಎದ್ದು ನಿಲ್ಲುವ ಆ ಮೊಳಕೆ ಬೆಂಕಿಕಡ್ಡಿಯಂತೆ ಕಾಣುತ್ತದೆ. ಆಮೇಲೆ ಎರಡು ದುಂಡನೆಯ ಎಲೆ ಬಿಚ್ಚುತ್ತದೆ. ಹೀಗೆ ಬಿತ್ತಲು ಬೀಜ ಹೊಸದಾಗಿರಲೇಬೇಕು. ಕೆಲವು ತಿಂಗಳು ಕಳೆದರೆ ಮೊಳೆಯುವ ಶಕ್ತಿ ಕುಗ್ಗುತ್ತದೆ. ಭತ್ತದಂತೆ, ರಾಗಿಯಂತೆ ಚೆನ್ನಾಗಿ ಒಣಗಿಸಿ ತಣ್ಣಗೆ ಇಟ್ಟರೆ ಬಾಳುವ ಬೀಜ ಇದಲ್ಲ. ಹಲಸಿನ ಬೀಜದಂತೆ ಒಣಗಿದ ತಕ್ಷಣ ಸಾಯುವುದೂ ಅಲ್ಲ. 1990ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕಾಫಿ ಬೀಜವನ್ನು ಈ ಎರಡರ ನಡುವಿನ ವರ್ಗಕ್ಕೆ ಸೇರಿಸಿತು.

ಇದನ್ನು ತಿಳಿದರೆ ಇನ್ನೊಂದು ಹಳೆಯ ಕಥೆಯ ಗಂಟೂ ಬಿಚ್ಚುತ್ತದೆ. ಅರಬ್ ವರ್ತಕರು ಬೀಜ ಬೇರೆಡೆ ಮೊಳೆಯದಂತೆ ಕುದಿಸಿಯೇ ಮಾರುತ್ತಿದ್ದರು ಎಂದು ಎಷ್ಟೋ ಪುಸ್ತಕಗಳು ಹೇಳುತ್ತವೆ. ಕುದಿಸುವ ಅಗತ್ಯವಾದರೂ ಏನಿತ್ತು? ಏಷ್ಯಾದಿಂದ ಹೊರಟ ಹಡಗು ಆಫ್ರಿಕದ ತುದಿಯನ್ನು ಸುತ್ತಿ ಹಾಲೆಂಡ್ ಮುಟ್ಟಲು ಆರರಿಂದ ಎಂಟು ತಿಂಗಳು ಬೇಕಿತ್ತು. ಅಷ್ಟು ಕಾಲ ಹಡಗಿನ ಅಡಿಯಲ್ಲಿ ಬಿದ್ದ ಬೀಜ ತಾನಾಗಿಯೇ ಸತ್ತಿರುತ್ತಿತ್ತು. ಲಂಡನ್ನಿನ ಚೆಲ್ಸಿ ಔಷಧಿ ತೋಟದ ಫಿಲಿಪ್ ಮಿಲ್ಲರ್, 18ನೆಯ ಶತಮಾನದಲ್ಲಿ ಬರೆದ ತೋಟಗಾರಿಕೆಯ ನಿಘಂಟಿನಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿದ: ಗಿಡದಿಂದ ಕಿತ್ತ ಹಣ್ಣನ್ನು ಬೇಗನೆ ಬಿತ್ತಬೇಕು, ದೂರದ ದೇಶಕ್ಕೆ ಒಯ್ಯುವುದಾದರೆ ಜೀವಂತ ಗಿಡವನ್ನೇ ಒಯ್ಯಬೇಕು. ಅಂದರೆ ಯೆಮೆನಿನ ಏಕಸ್ವಾಮ್ಯವನ್ನು ಬಹುಕಾಲ ಕಾದದ್ದು ಕಾವಲುಗಾರರಿಗಿಂತ ಹೆಚ್ಚಾಗಿ ಬೀಜದ ಅಲ್ಪಾಯುಷ್ಯ.

ಯೆಮೆನಿನಿಂದ ಮಲಬಾರಿಗೆ ಸಮುದ್ರ ಒಂದೇ. ಗಾಳಿ ಅನುಕೂಲವಾದರೆ ಕೆಲವು ವಾರಗಳ ಪ್ರಯಾಣ. ಬೀಜ ಜೀವಂತವಾಗಿ ತಲುಪಬಲ್ಲ ದೂರ. ಕಾಫಿ ಮೊದಲು ನಮ್ಮ ಕಡೆಗೆ ಬಂದದ್ದು, ಯುರೋಪಿಗೆ ಹೋಗದೇ ಇದ್ದದ್ದು ಇದರಿಂದಲೇ.

ಕಣ್ಣೂರಿನಿಂದ ಜಾವಾಕ್ಕೆ

ಕಣ್ಣೂರಿನ ಸೈಂಟ್ ಆಂಜೆಲೊ ಕೋಟೆಯನ್ನು ನೋಡದವರು ನಮ್ಮಲ್ಲಿ ಕಡಿಮೆ. 1505ರಲ್ಲಿ ಪೋರ್ಚುಗೀಸರು ಕಟ್ಟಿದ ಆ ಕೋಟೆ 1663ರಲ್ಲಿ ಡಚ್ಚರ ವಶವಾಯಿತು. 1772ರಲ್ಲಿ ಅದನ್ನು ಅರಕ್ಕಲ್ ಅರಸು ಮನೆತನಕ್ಕೆ ಮಾರುವವರೆಗೆ, ನೂರು ವರ್ಷಕ್ಕೂ ಮಿಕ್ಕಿ, ಅಲ್ಲಿ ಡಚ್ಚರಿದ್ದರು. ಊರಿನ ಮಾಪ್ಪಿಳ ವರ್ತಕರಿಗೆ ಕೆಂಪು ಸಮುದ್ರದ ಬಂದರುಗಳೊಡನೆ ಮೊದಲಿನಿಂದಲೂ ವ್ಯಾಪಾರವಿತ್ತು. ಮೆಣಸು, ಏಲಕ್ಕಿ ಹೋಗುತ್ತಿದ್ದ ದಾರಿಯಲ್ಲೇ ಅರಬ್ ನಾಡಿನ ಸರಕೂ ಬರುತ್ತಿತ್ತು.

ಆ ಕಾಲದ ಡಚ್ಚರಿಗೆ ಗಿಡಮೂಲಿಕೆಗಳಲ್ಲಿ ಇದ್ದ ಆಸಕ್ತಿ ನಮಗೆ ಬೇರೆ ದಾರಿಯಿಂದಲೂ ಗೊತ್ತು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್, ಮಲಯಾಳಿ ವೈದ್ಯ ಇಟ್ಟಿ ಅಚ್ಯುದನ್ ಅವರ ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವಿದ್ವಾಂಸರ ನೆರವಿನಿಂದ ಮಾಡಿಸಿದ ‘ಹೋರ್ತುಸ್ ಮಲಬಾರಿಕುಸ್’ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಾಗಿ ಅಚ್ಚಾಯಿತು. ಅಚ್ಚಾದ ಊರು ಆಮ್‌ಸ್ಟರ್‌ಡ್ಯಾಮ್. ಅದಕ್ಕೆ ಟಿಪ್ಪಣಿ ಬರೆದವರಲ್ಲಿ ಒಬ್ಬನಾದ ಯಾನ್ ಕೊಮ್ಮೆಲಿನ್, ಅದೇ ಊರಿನ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದವನು. ಮಲಬಾರಿನ ಸೊಪ್ಪು ಬೇರುಗಳ ಹೆಸರು ಹೋದ ದಾರಿಯಲ್ಲೇ ಗಿಡಗಳೂ ಹೋದವು ಎಂದರೆ ತಪ್ಪಾಗದು.

ಕಾಫಿಯನ್ನು ಯೆಮೆನಿನಿಂದ ಹಣ ಕೊಟ್ಟು ಕೊಳ್ಳುವ ಬದಲು ತಮ್ಮ ಕೈಕೆಳಗಿನ ನೆಲದಲ್ಲೇ ಬೆಳೆದರೇನು ಎಂದು ಯೋಚಿಸಿದವನು ಆಮ್‌ಸ್ಟರ್‌ಡ್ಯಾಮಿನ ನಗರಾಧ್ಯಕ್ಷ ನಿಕೊಲಾಸ್ ವಿಟ್ಸೆನ್. ಆತನ ಪ್ರೇರಣೆಯಿಂದ 1696ರಲ್ಲಿ ಮಲಬಾರಿನ ಡಚ್ ಅಧಿಕಾರಿ ಆಡ್ರಿಯನ್ ವಾನ್ ಓಮ್ಮೆನ್ ಕಣ್ಣೂರಿನಿಂದ ಕಾಫಿ ಗಿಡಗಳನ್ನು ಜಾವಾದ ಬಟೇವಿಯಕ್ಕೆ, ಅಂದರೆ ಇಂದಿನ ಜಕಾರ್ತಾಕ್ಕೆ, ಕಳುಹಿಸಿದ. ಅರಬ್ ನಾಡಿನ ಬೀಜದಿಂದ ಮಲಬಾರಿನಲ್ಲಿ ಬೆಳೆದ ಗಿಡಗಳು ಅವು. ಜಾವಾದಲ್ಲಿ ನೆಟ್ಟ ಆ ಮೊದಲ ತಂಡ ಉಳಿಯಲಿಲ್ಲ. ಭೂಕಂಪ ಮತ್ತು ನೆರೆಗೆ ನಾಶವಾಯಿತು. 1699ರಲ್ಲಿ ಹೆನ್ರಿಕಸ್ ಜ್ವಾರ್ಡೆಕ್ರೂನ್ ಎಂಬಾತ ಮತ್ತೊಮ್ಮೆ ಮಲಬಾರಿನಿಂದಲೇ ಗಿಡಗಳನ್ನು ತರಿಸಿದ. ಅವು ಬೇರೂರಿದವು. 1711ರ ಹೊತ್ತಿಗೆ ಜಾವಾದ ಕಾಫಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜಿಗೆ ಬಂತು.

ಬಾಬಾಬುಡನ್ ಕಥೆ ಐತಿಹ್ಯ. ಅದರ ಬೆಲೆ ಜನರ ನಂಬಿಕೆಯಲ್ಲಿದೆ. ಕಣ್ಣೂರಿನ ರವಾನೆಗೆ ಇಸವಿಯಿದೆ, ಕಳುಹಿಸಿದವನ ಹೆಸರಿದೆ. ಒಂದು ಮೈಸೂರು ಸೀಮೆಯ ಕಥೆ, ಇನ್ನೊಂದು ಮಲಬಾರಿನ ದಾಖಲೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ, 17ನೆಯ ಶತಮಾನದಲ್ಲಿ ಅರಬ್ ನಾಡಿನ ಕಾಫಿ ಘಟ್ಟದ ಮೇಲೂ ಕೆಳಗೂ ನೆಲೆಯೂರುತ್ತಿದ್ದ ಚಿತ್ರ ಮೂಡುತ್ತದೆ.

ಚಳಿಯ ಊರಿನಲ್ಲಿ

1706ರಲ್ಲಿ ಜಾವಾದಿಂದ ಒಂದು ಕಾಫಿ ಗಿಡ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನಕ್ಕೆ ಬಂತು. 1638ರಲ್ಲಿ ಔಷಧಿ ಗಿಡಗಳಿಗಾಗಿ ಶುರುವಾದ ತೋಟ ಅದು. 1682ರಲ್ಲಿ ಈಗಿರುವ ಜಾಗಕ್ಕೆ ಬಂತು, ಇಂದಿಗೂ ಇದೆ.

ಆ ಊರಿನ ಹವೆ ಹೇಗೆ? ಈಗಲೂ ಜನವರಿಯ ಸರಾಸರಿ ಉಷ್ಣತೆ ಮೂರು–ನಾಲ್ಕು ಡಿಗ್ರಿ. ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಗೂ ಕಡಿಮೆ. ಮುನ್ನೂರು ವರ್ಷದ ಹಿಂದೆ ಯುರೋಪಿನ ಚಳಿ ಇನ್ನೂ ಕಡುವಾಗಿತ್ತು. 1709ರ ಜನವರಿಯಂತೂ ಆ ಖಂಡದ ಚರಿತ್ರೆಯಲ್ಲೇ ಹೆಸರಾದ ಚಳಿಗಾಲ. ನದಿಗಳು ಹೆಪ್ಪುಗಟ್ಟಿದವು, ಫ್ರಾನ್ಸಿನ ದಕ್ಷಿಣದಲ್ಲಿ ಆಲಿವ್ ಮರಗಳು ಸತ್ತವು, ದ್ರಾಕ್ಷಿ ಬಳ್ಳಿಗಳು ಹೋದವು. ಆ ನೆಲದಲ್ಲೇ ಹುಟ್ಟಿ ಬೆಳೆದ ಮರಗಳು ತಾಳಲಾರದ ಚಳಿಯನ್ನು ಮಲಬಾರು ಮೂಲದ ಕಾಫಿ ಗಿಡ ದಾಟಿತು. 1706ರಲ್ಲಿ ಬಂದ ಗಿಡದ ವಂಶ 1714ರಲ್ಲಿ ಸೊಂಪಾಗಿತ್ತು ಎಂಬುದೇ ಇದಕ್ಕೆ ಸಾಕ್ಷಿ.

ದಾಟಿಸಿದ್ದು ಗಾಜಿನ ಮನೆ. ಅದು ನಮ್ಮ ಲಾಲ್‌ಬಾಗಿನ ಗಾಜಿನ ಮನೆಯ ಹಾಗೆ ಪೂರ್ತಿ ಗಾಜಿನದ್ದೆಂದು ಎಣಿಸಬಾರದು. ಆ ಕಾಲದ ಇಂಥ ಮನೆಗಳಿಗೆ ಸಾಮಾನ್ಯವಾಗಿ ದಕ್ಷಿಣಕ್ಕೆ ಮಾತ್ರ ಗಾಜು. ಉಳಿದ ಮೂರು ದಿಕ್ಕಿಗೆ ದಪ್ಪ ಗೋಡೆ. ಚಳಿಗಾಲದ ಸೂರ್ಯ ದಕ್ಷಿಣದಲ್ಲಿ ತಗ್ಗಾಗಿ ಸುಳಿಯುವಾಗ ಸಿಕ್ಕಷ್ಟು ಬೆಳಕನ್ನು ಹಿಡಿಯಬೇಕು, ರಾತ್ರಿ ಒಲೆ ಉರಿಸಬೇಕು. ಬುಡಕ್ಕೆ ಬಿಸಿ ಕೊಡಲು ಯುರೋಪಿನ ತೋಟಗಾರರು ಇನ್ನೊಂದು ಉಪಾಯ ಕಂಡುಕೊಂಡಿದ್ದರು. ಚರ್ಮ ಹದಮಾಡಲು ಬಳಸಿ ಬಿಸಾಡಿದ ಓಕ್ ಮರದ ತೊಗಟೆಯ ಪುಡಿಯನ್ನು ಗುಂಡಿಯಲ್ಲಿ ತುಂಬಿದರೆ ಅದು ನಿಧಾನವಾಗಿ ಕೊಳೆಯುತ್ತಾ ತಿಂಗಳುಗಟ್ಟಲೆ ಹದವಾದ ಶಾಖ ಕೊಡುತ್ತದೆ. ನಮ್ಮ ಹಟ್ಟಿಗೊಬ್ಬರದ ರಾಶಿಯೊಳಗೆ ಕೈಯಿಟ್ಟವರಿಗೆ ಈ ಬಿಸಿ ಗೊತ್ತು. ಕಾಫಿ ಬೀಜ ಬಿತ್ತಿದ ಚಟ್ಟಿಗಳನ್ನು ಇಂಥ ತೊಗಟೆಯ ಹಾಸಿನಲ್ಲಿ ಹೂತಿಡುವ ಕ್ರಮವನ್ನು ಮಿಲ್ಲರ್ ವಿವರಿಸಿದ್ದಾನೆ.

ಗಿಡ ಉಳಿದರೆ ಸಾಲದು, ಬೀಜ ಕಟ್ಟಬೇಕು. ಇಲ್ಲಿ ಅರೇಬಿಕಾದ ಒಂದು ಗುಣ ನೆರವಿಗೆ ಬಂತು. ಅದರ ಹೂವು ತನ್ನ ಪರಾಗದಿಂದಲೇ ಕಾಯಿಕಟ್ಟಬಲ್ಲದು. ಇನ್ನೊಂದು ಗಿಡ ಬೇಕಿಲ್ಲ. ರೊಬಸ್ಟಾ ಆಗಿದ್ದರೆ ಒಂಟಿ ಗಿಡ ಬೀಜವಿಲ್ಲದೆ ಮುಗಿದುಹೋಗುತ್ತಿತ್ತು. ಇನ್ನು ಬೀಜದ ಅಲ್ಪಾಯುಷ್ಯವೂ ಇಲ್ಲಿ ತೊಡಕಾಗಲಿಲ್ಲ: ಹಣ್ಣಾದ ಜಾಗದಿಂದ ಬಿತ್ತುವ ಚಟ್ಟಿಗೆ ನಾಲ್ಕು ಹೆಜ್ಜೆ. ಮೋಕಾ ಬಂದರಿನಿಂದ ಸತ್ತು ಬರುತ್ತಿದ್ದ ಬೀಜ, ಗಾಜಿನ ಮನೆಯೊಳಗೆ ಹುಟ್ಟಿದಾಗ ಜೀವಂತವಾಗಿಯೇ ಮಣ್ಣು ಸೇರಿತು. ಬೀಜದಿಂದ ಸಸಿ, ಸಸಿಯಿಂದ ಗಿಡ. ಅಲ್ಲಿಂದ ಯುರೋಪಿನ ಬೇರೆ ತೋಟಗಳಿಗೂ ಸಸಿಗಳು ಹಂಚಿಹೋದವು.

ಮಲ್ಲಿಗೆಯೆಂದು ಕರೆದರು

1714ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಆಡಳಿತಗಾರರು ಐದಡಿ ಎತ್ತರದ ಒಂದು ಗಿಡವನ್ನು ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗೆ ಕಾಣಿಕೆ ಕೊಟ್ಟರು. ಮಾರ್ಲಿಯ ಅರಮನೆಯಿಂದ ಅದು ಪ್ಯಾರಿಸಿನ ರಾಜೋದ್ಯಾನಕ್ಕೆ ಹೋಯಿತು. ಅಲ್ಲಿನ ಸಸ್ಯಶಾಸ್ತ್ರಜ್ಞ ಆಂಟೋಯಿನ್ ದ ಜುಸ್ಯೂ, ಹೂವಿನ ಆಕಾರ ನೋಡಿ ಕಾಫಿಯನ್ನು ಮಲ್ಲಿಗೆಯ ಜಾತಿಗೆ ಸೇರಿಸಿದ. ಅರಬ್ ನಾಡಿನ ಮಲ್ಲಿಗೆ ಎಂದ. ಹೂಮಳೆ ಬಿದ್ದ ಒಂದು ವಾರ–ಹತ್ತು ದಿನಕ್ಕೆ ಕಾಫಿ ತೋಟದ ನಡುವೆ ನಡೆದವರು ಆತನನ್ನು ತಪ್ಪೆನ್ನಲಾರರು. ಲಿನೇಯಸ್ ಬಂದ ಮೇಲೆ ಕಾಫಿಗೆ ತನ್ನದೇ ಆದ ಕುಲ ಸಿಕ್ಕಿತು.

ಪ್ಯಾರಿಸಿನ ವಂಶದ ಒಂದು ಸಸಿಯನ್ನು 1720ರ ದಶಕದ ಆರಂಭದಲ್ಲಿ ದ ಕ್ಲಿಯೂ ಎಂಬ ನೌಕಾ ಅಧಿಕಾರಿ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪಕ್ಕೆ ಒಯ್ದ. ಹಡಗಿನಲ್ಲಿ ನೀರಿಗೆ ಬರ ಬಂದಾಗ ತನ್ನ ಪಾಲಿನ ನೀರನ್ನೇ ಸಸಿಗೆ ಹಂಚಿದೆನೆಂದು ಮುಪ್ಪಿನಲ್ಲಿ ಆತನೇ ಬರೆದುಕೊಂಡ. ಡಚ್ಚರು ತಮ್ಮ ಸಸಿಗಳನ್ನು 1718ರ ಸುಮಾರಿಗೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಒಯ್ದರು. ಅಲ್ಲಿಂದ ಪಕ್ಕದ ಫ್ರೆಂಚ್ ಗಯಾನಾಕ್ಕೆ, 1727ರಲ್ಲಿ ಅಲ್ಲಿಂದ ಬ್ರೆಜಿಲ್ಲಿಗೆ. ಇಂದು ಲೋಕದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಬ್ರೆಜಿಲ್. ಅಮೆರಿಕ ಖಂಡದ ಹಳೆಯ ತೋಟಗಳಲ್ಲಿ ‘ಟಿಪಿಕಾ’ ಎಂದು ಕರೆಯುವ ತಳಿ, ಮಲಬಾರಿನಿಂದ ಜಾವಾ, ಜಾವಾದಿಂದ ಆಮ್‌ಸ್ಟರ್‌ಡ್ಯಾಮ್ ದಾಟಿ ಹೋದ ಈ ವಂಶವೇ. ಯೆಮೆನಿನಿಂದ ನೇರವಾಗಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಹೋದ ‘ಬೂರ್ಬಾನ್’ ಎಂಬ ಇನ್ನೊಂದು ವಂಶವೂ ಇದೆ. ಜಗತ್ತಿನ ಅರೇಬಿಕಾ ತಳಿಗಳಲ್ಲಿ ಬಹುಪಾಲು ಈ ಎರಡು ಮನೆತನಗಳವು.

ಇಲ್ಲಿ ಒಂದು ಮಾತನ್ನು ಮರೆಮಾಡಿದರೆ ಲೆಕ್ಕ ತಾಳೆಯಾಗದು. ಗಾಜಿನ ಮನೆಯಲ್ಲಿ ಮಗುವಿನಂತೆ ಸಾಕಿದ ಸಸಿಯನ್ನು ಅಮೆರಿಕದ ಬಿಸಿಲಿನಲ್ಲಿ ಬೆಳೆಸಿದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಫ್ರೆಂಚರ ಸಾಂ ದೊಮಿಂಗ್, ಇಂದಿನ ಹೈಟಿ, 1791ರ ದಂಗೆಗೆ ಮುಂಚೆ ಲೋಕದ ಕಾಫಿಯಲ್ಲಿ ಸುಮಾರು ಅರ್ಧವನ್ನು ಬೆಳೆಯುತ್ತಿತ್ತು. ಎಲ್ಲವೂ ಗುಲಾಮರ ದುಡಿಮೆ. ಬ್ರೆಜಿಲ್ಲಿನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಗಿಡಕ್ಕೆ ತನ್ನ ಪಾಲಿನ ನೀರು ಕೊಟ್ಟವನ ಹೆಸರು ಚರಿತ್ರೆಯಲ್ಲಿ ಉಳಿಯಿತು. ಆ ಗಿಡದ ಬುಡದಲ್ಲಿ ಬೆವರು ಸುರಿಸಿದ ಲಕ್ಷಾಂತರ ಜನರ ಹೆಸರು ಉಳಿಯಲಿಲ್ಲ.

ಒಂಟಿತನದ ಬೆಲೆ

ಒಂದೇ ಗಿಡ ತನ್ನ ಪರಾಗದಿಂದಲೇ ಸಂತಾನ ಬೆಳೆಸಿದ್ದು ವಂಶಕ್ಕೆ ವರವೂ ಆಯಿತು, ಶಾಪವೂ ಆಯಿತು. ಸಂತಾನವೆಲ್ಲ ಒಂದೇ ಮುಖದ್ದಾದರೆ ಒಬ್ಬನನ್ನು ಕೆಡವುವ ರೋಗ ಎಲ್ಲರನ್ನೂ ಕೆಡವುತ್ತದೆ. 1869ರಲ್ಲಿ ಸಿಲೋನಿನಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ, ಆಮೇಲೆ ಎಲೆಯುದುರಿ ಬೋಳಾದ ಗಿಡ. ಇಪ್ಪತ್ತು ವರ್ಷಗಳಲ್ಲಿ ಸಿಲೋನ್ ಕಾಫಿಯನ್ನು ಬಿಟ್ಟು ಚಹಾಕ್ಕೆ ತಿರುಗಿತು. ರೋಗ ನಮ್ಮ ಘಟ್ಟದ ತೋಟಗಳಿಗೂ ಬಂತು. 1970ರಲ್ಲಿ ಸಾಗರ ದಾಟಿ ಬ್ರೆಜಿಲ್ ಮುಟ್ಟಿತು. 2012ರಲ್ಲಿ ಮಧ್ಯ ಅಮೆರಿಕದ ಬೆಳೆಗಾರರನ್ನು ಬೀದಿಗೆ ತಂದಿತು.

ಮದ್ದು ಹುಡುಕಿದವರು ಕಂಡುಕೊಂಡ ದಾರಿ ಬೆರಕೆಯದು. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದಲ್ಲಿ ತಯಾರಾದ ಎಸ್. 795 ಎಂಬ ತಳಿಯಲ್ಲಿ, ನಮ್ಮ ಹಳೆಯ ಅರೇಬಿಕಾದ ಜೊತೆಗೆ ಲೈಬೀರಿಕಾ ಎಂಬ ಬೇರೆ ಜಾತಿಯ ಕಾಫಿಯ ಅಂಶವೂ ಸೇರಿದೆ. ರೋಗ ತಡೆಯುವ ಶಕ್ತಿ ಬಂದದ್ದು ಆ ಹೊರಗಿನ ಸಂಬಂಧದಿಂದ. ಇಷ್ಟಕ್ಕೂ ಅರೇಬಿಕಾವೇ ಮೂಲದಲ್ಲಿ ಶುದ್ಧ ಒಂಟಿಯಲ್ಲ. ಬಹುಕಾಲದ ಹಿಂದೆ ಆಫ್ರಿಕದ ಕಾಡಿನಲ್ಲಿ ರೊಬಸ್ಟಾದ ಜಾತಿ ಮತ್ತು ಇನ್ನೊಂದು ಕಾಫಿ ಜಾತಿ ಕೂಡಿ ಹುಟ್ಟಿದ ಸಂತಾನ ಅದು ಎಂದು ವಿಜ್ಞಾನಿಗಳು ಖಚಿತಪಡಿಸಿದ್ದಾರೆ. ವಯನಾಡಿನಲ್ಲಿ ಇಂದು ಹೆಚ್ಚಾಗಿ ಕಾಣುವುದು ರೊಬಸ್ಟಾ. ನೆರೆಯ ಗಿಡದ ಪರಾಗ ಬಾರದೆ ಕಾಯಿಕಟ್ಟದ ಜಾತಿ.

ಕಾಫಿಯೊಂದೇ ಅಲ್ಲ. ನಮ್ಮ ಜಿಲ್ಲೆಯ ಪೂರ್ವದ ಗುಡ್ಡಗಳನ್ನು ಇಂದು ಮುಚ್ಚಿರುವ ರಬ್ಬರೂ ಗಾಜಿನ ಮನೆ ಕಂಡು ಬಂದ ಮರ. 1876ರಲ್ಲಿ ಬ್ರೆಜಿಲ್ಲಿನಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಹೋದ ಸುಮಾರು 70,000 ಬೀಜಗಳಲ್ಲಿ ಮೊಳೆತದ್ದು ನೂರಕ್ಕೆ ನಾಲ್ಕರಷ್ಟು. ಗೇರು ಮರ ಪೋರ್ಚುಗೀಸರೊಡನೆ ಬ್ರೆಜಿಲ್ಲಿನಿಂದ ಬಂತು. ಈ ನೆಲದ್ದು ಯಾವುದು, ಹೊರಗಿನದು ಯಾವುದು ಎಂಬ ಪ್ರಶ್ನೆಗೆ ಗುಡ್ಡದ ಮೇಲೆ ನಿಂತು ಉತ್ತರ ಹೇಳುವುದು ಕಷ್ಟ.

1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಕನ್ನಡದ ಮನೆಗಳು ಗೆರೆಯ ಈಚೆ ಉಳಿದವು. ನಾವು ಹೊರಗಿನಿಂದ ಬಂದ ಗಿಡಗಳಲ್ಲ. ಗಿಡ ಇದ್ದಲ್ಲೇ ಇತ್ತು, ಹವೆ ಬದಲಾಯಿತು. ಅಂದಿನಿಂದ ನಮ್ಮ ಶಾಲೆಗಳು, ಸಂಘಗಳು, ಯಕ್ಷಗಾನದ ಕೂಟಗಳು ಗಾಜಿನ ಮನೆಯ ಕೆಲಸವನ್ನೇ ಮಾಡುತ್ತಾ ಬಂದಿವೆ. ಆ ಒಲೆ ಆರಬಾರದು, ಸಂಶಯವಿಲ್ಲ. ಒಂದು ಚಳಿಗಾಲ ಒಲೆ ಹಚ್ಚಲು ಮರೆತಿದ್ದರೆ ಆಮ್‌ಸ್ಟರ್‌ಡ್ಯಾಮಿನ ಗಿಡದ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೊಸ ಬೀಜವನ್ನು ತಡಮಾಡದೆ ಬಿತ್ತಬೇಕೆಂಬುದೂ ಅಷ್ಟೇ ನಿಜ. ಮಕ್ಕಳಿಗೆ ಅಕ್ಷರ ಕಲಿಸುವುದನ್ನು ನಾಳೆಗಿಟ್ಟವರ ಮನೆಯಲ್ಲಿ ಏನಾಯಿತೆಂದು ನಾವು ಕಣ್ಣಾರೆ ನೋಡಿದ್ದೇವೆ.

ಆದರೆ ಗಾಜಿನ ಮನೆಯೊಳಗೆ ತನ್ನಷ್ಟಕ್ಕೆ ತಾನೇ ಬೆಳೆದ ವಂಶ ತುಕ್ಕು ಹಿಡಿದಾಗ ನಿಲ್ಲಲಾರದೆ ಹೋದದ್ದನ್ನೂ ಮರೆಯುವಂತಿಲ್ಲ. ಅದನ್ನು ಉಳಿಸಿದ್ದು ನೆರೆಯ ಜಾತಿಯ ಸಂಬಂಧ. ಇಟ್ಟಿ ಅಚ್ಯುದನ್ ಮಲಯಾಳದಲ್ಲಿ ಹೇಳಿದ, ಕೊಂಕಣಿ ಪಂಡಿತರು ನಾಗರಿಯಲ್ಲಿ ಬರೆದ, ಡಚ್ಚರು ಲ್ಯಾಟಿನಿನಲ್ಲಿ ಅಚ್ಚುಹಾಕಿದ ಗ್ರಂಥ ಹುಟ್ಟಿದ್ದೂ ಇದೇ ಕರಾವಳಿಯಲ್ಲಿ. ಈ ವಾರ್ಷಿಕದ ಒಂದು ಪುಟ ಕನ್ನಡ, ಎದುರಿನ ಪುಟ ಮಲಯಾಳ. ಕಣ್ಣೂರಿನ ಗಿಡದ ಈ ಕಥೆಯನ್ನು ಯಾರಾದರೂ ಎದುರಿನ ಪುಟದಲ್ಲೂ ಬರೆದರೆ, ಮಲಬಾರಿನ ಕಡೆಯಿಂದ ಗೊತ್ತಿರುವ ಸಂಗತಿಗಳನ್ನು ಅದಕ್ಕೆ ಸೇರಿಸಿದರೆ, ನಮ್ಮ ಲೆಡ್ಜರಿನ ಎರಡೂ ಬದಿ ತುಂಬೀತು.